ಅಣ್ಣನಿಗೆ ಏನಾಗಿತ್ತು

ನನ್ನ ಅಣ್ಣ ನೀರಾವರಿ ಇಲಾಖೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಮುನಿರಾಬಾದಿನ ಅಣೆಕಟ್ಟಿನಿಂದ ಬಿಟ್ಟ ನೀರು ಸಿದ್ದಾಪುರದ ಸುತ್ತಲಿನ ಭತ್ತದ ಗದ್ದೆಗಳಿಗೆ ಸರಿಯಾಗಿ ಹೋಗುವಂತೆ ತೂಬು ಕಾಯುವುದು, ಹೂಳು ತೆಗೆಸುವುದು, ಕದ್ದು ತೂಬು ಎತ್ತುವವರೊಂದಿಗೆ ಜಗಳ ತೆಗೆಯುವುದು ಅವನ ಕೆಲಸ. ವಯಸ್ಸೆಲ್ಲ ಅಲ್ಲೇ ಸವೆಸಿದ್ದರಿಂದ ಜಗತ್ತಿನ ಯಾವ ತೊಂದರೆಗೂ ಅವನ ಹತ್ತಿರ ಕಾಲುವೆಯ ಲೆಕ್ಕದಲ್ಲೇ ಉತ್ತರವಿರುತ್ತಿತ್ತು. ನಾನು ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಅವನ ಮುಂದೆ ನನ್ನ ಬುದ್ಧಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ.

ಐವತ್ತೈದು ದಾಟಿದ ಮೇಲೆ ಅವನು ಮೂತ್ರಕ್ಕೆಂದು ಕಾಲುವೆಯ ಏರಿಯ ಹಿಂದೆ ಹೋಗಿ ಕುಳಿತರೆ ಬೇಗ ಏಳುತ್ತಿರಲಿಲ್ಲ. ಜತೆಯವರು ಬೀಡಿ ಹಚ್ಚಿ, ಸೇದಿ ಮುಗಿಸಿದರೂ ಅವನು ಅಲ್ಲೇ. ಸಾಹೇಬರು ಕಾಲುವೆಗೆ ಇನ್ನಷ್ಟು ನೀರು ಬಿಡಲು ಹೋಗಿದ್ದಾರೆ ಎಂದು ಅವರು ಚಾಷ್ಟಿ ಮಾಡುತ್ತಿದ್ದರು. ಅವನೂ ನಗುತ್ತಿದ್ದ. ರಾತ್ರಿ ಎದ್ದೆದ್ದು ಹೋಗುವುದು ಯಾರಿಗೂ ತಿಳಿಯಬಾರದೆಂದು ಹಾಸಿಗೆಯನ್ನು ಅಂಗಳಕ್ಕೆ ಹಾಕಿಕೊಂಡಿದ್ದ. ತಿಳಿದಿದ್ದು ಅತ್ತಿಗೆಗೆ ಮಾತ್ರ. ಮೈಯಲ್ಲಿ ಕಾವು ಏರಿದೆ ಎಂದು ಆಕೆ ಅವನ ಕಾಲಿನ ಹೆಬ್ಬೆರಳಿಗೆ ಸುಣ್ಣ ಹಚ್ಚಿದಳು, ಸೌತೆಬೀಜ ಅರೆದು ಕುಡಿಸಿದಳು. ಕುಷ್ಟಗಿ ಕಡೆಯಿಂದ ಯಾರೋ ತಂದುಕೊಟ್ಟ ಪುಡಿಯನ್ನೂ ಅವನು ತಿಂದ.

ದವಾಖಾನೆಗೆ ಮಾತ್ರ ಹೋಗಲಿಲ್ಲ. ಕಾರಣ ಸರಳ. ಊರಿಗಿದ್ದದ್ದು ಒಂದೇ ಸರ್ಕಾರಿ ದವಾಖಾನೆ, ಅಲ್ಲಿ ನರ್ಸ್ ಆಗಿದ್ದವಳು ಅವನ ಸೊಸೆ. ನಮ್ಮ ಮನೆಗಳಲ್ಲಿ ಮಾವ ಅಡುಗೆಮನೆಯ ಹತ್ತಿರ ಬರುವಾಗ ಕೆಮ್ಮಿ ಬರುತ್ತಾನೆ, ಸೊಸೆ ಸೆರಗು ಮುಂದಕ್ಕೆಳೆದು ಸರಿದು ನಿಲ್ಲುತ್ತಾಳೆ. ಆಕೆ ಊರಿನ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದವಳು, ಆದರೆ ಮನೆಯಲ್ಲಿ ಅವನಿಗೆ ಚಹಾ ಬೇಕಾದರೂ ಅದು ಅತ್ತಿಗೆಯ ಮೂಲಕವೇ ಆಕೆಗೆ ತಲುಪಬೇಕು. ಅಂಥವಳ ಮುಂದೆ ನಿಂತು ಅವನು ಏನೆಂದು ಹೇಳಬೇಕು? ಗಂಗಾವತಿಗಾದರೂ ಬಾ ಎಂದೆ. ಅಲ್ಲಿಯವರೂ ಆಕೆಯ ಗುರುತಿನವರೇ, ಸುದ್ದಿ ಮುಟ್ಟುತ್ತದೆ ಎಂದ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವನೇನು ಕೇಳುವವನೇ?

ಆ ಸಲ ಮುಂಗಾರಿಗೆ ಕಾಲುವೆಗೆ ನೀರು ಬಿಟ್ಟಿದ್ದರು, ಎಲ್ಲೆಲ್ಲೂ ನಾಟಿ ನಡೆದಿತ್ತು. ಒಂದು ದಿನ ಬೆಳಿಗ್ಗೆ ಅವನಿಗೆ ಮೂತ್ರ ಪೂರ್ತಿ ಕಟ್ಟಿತು. ಯಾರಿಗೂ ಹೇಳದೆ ಅವನು ನೀರು ಕುಡಿಯತೊಡಗಿದ. ತಂಬಿಗೆಯ ಮೇಲೆ ತಂಬಿಗೆ. ಮಧ್ಯಾಹ್ನ ಅತ್ತಿಗೆ ಫೋನು ಮಾಡಿ ಅತ್ತಾಗ ನಾನು ಓಡಿದೆ. ಅವನ ಹೊಟ್ಟೆ ದಿನ ತುಂಬಿದ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು, ಮುಖದಲ್ಲಿ ಬೆವರು ಸುರಿಯುತ್ತಿತ್ತು, ಕೈಯಲ್ಲಿ ಇನ್ನೂ ತಂಬಿಗೆ ಇತ್ತು. ಯಾಕೆ ಇಷ್ಟು ಕುಡಿದೆ ಎಂದು ಕೇಳಿದೆ.

"ಮ್ಯಾಲಿಂದ ನೀರು ಜೋರ್ ಬಂದ್ರ ಹೂಳು ತಾನ ಕಿತ್ಕೊಂಡು ಹೋಗ್ತೈತಿ, ತಮ್ಮಾ," ಅಂದ.

ಎತ್ತಿ ಟಂಟಂನಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆವು. ಡಾಕ್ಟರು ಮೀಟಿಂಗಿಗೆಂದು ಕೊಪ್ಪಳಕ್ಕೆ ಹೋಗಿದ್ದರು. ಸೊಸೆ ಕೈಗವಸು ಹಾಕಿಕೊಂಡು ಮೂತ್ರ ತೆಗೆಯುವ ಪೈಪ್ ಹಿಡಿದು ಬಂದಳು. ಅಂಥ ನೋವಿನಲ್ಲೂ ಅಣ್ಣ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಕೆ ಬೇಡ, ಗಂಗಾವತಿಗೆ ಒಯ್ಯಿರಿ ಎಂದು ನನ್ನನ್ನು ಗೋಗರೆದ. ಆಗ ಆಕೆ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

"ಮಾವಾರ, ಗಂಗಾವತಿ ಮುಟ್ಟೂತನಕ ತಡಕೊಳ್ಳಾಕ ಆಗೂದಿಲ್ಲ. ಮಕ್ಕೊಳ್ರಿ."

ನಮ್ಮನ್ನೆಲ್ಲ ಹೊರಗೆ ಹಾಕಿ, ಅತ್ತಿಗೆಯ ಕೈಯಲ್ಲಿ ಅಡ್ಡಕ್ಕೆ ಚಾದರ ಹಿಡಿಸಿ ಆಕೆ ಪೈಪ್ ಹಾಕಿದಳು. ಪೈಪಿನ ತುದಿಗೆ ಕಟ್ಟಿದ ಚೀಲ ತುಂಬಿತು, ಖಾಲಿ ಮಾಡಿ ಇಟ್ಟರೆ ಮತ್ತೆ ತುಂಬಿತು. ಒಳಗೆ ಹೋದಾಗ ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದ. ನೋವು ಇಳಿದು ಅಳುತ್ತಿದ್ದಾನೆ ಎಂದುಕೊಂಡು ನಾನು ನಿರಾಳನಾದೆ.

ಮರುದಿನ ಗಂಗಾವತಿಯ ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಮೂತ್ರಚೀಲದ ಬುಡದಲ್ಲಿ ಗಂಡಸರಿಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ, ವಯಸ್ಸಾದಂತೆ ಬಹಳ ಜನರಿಗೆ ಅದು ದಪ್ಪವಾಗಿ ದಾರಿ ಒತ್ತುತ್ತದೆ. ಮೊದಲೇ ತೋರಿಸಿದ್ದರೆ ಗುಳಿಗೆಯಲ್ಲೇ ಹಿಡಿತಕ್ಕೆ ಬರಬಹುದಿತ್ತು. ವರ್ಷಗಟ್ಟಲೆ ಮೂತ್ರ ಪೂರ್ತಿ ಹೋಗದೆ ಹಿಂದಕ್ಕೆ ಒತ್ತಿದ್ದರಿಂದ ಎರಡೂ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಅವು ಚೇತರಿಸಿಕೊಂಡ ಮೇಲೆ ಆಪರೇಷನ್, ಅಲ್ಲಿಯವರೆಗೆ ಪೈಪ್ ಇರಲೇಬೇಕು. ಅದನ್ನು ತಿಂಗಳಿಗೊಮ್ಮೆ ಬದಲಿಸಬೇಕು, ನಿಮ್ಮ ಊರಲ್ಲೇ ಬದಲಿಸುತ್ತಾರೆ ಎಂದರು. ಊರಲ್ಲೇ ಎಂದ ಕೂಡಲೇ ಅಣ್ಣ ತಲೆ ತಗ್ಗಿಸಿದ.

ಚೀಲವನ್ನು ಧೋತರದೊಳಗೆ ಕಟ್ಟಿಕೊಂಡು ಅವನು ಮೂಲೆ ಹಿಡಿದ. ಕಾಲುವೆಯ ಕಡೆ ಹಾಯಲಿಲ್ಲ. ಮೊದಲ ಸಲ ಪೈಪ್ ಬದಲಿಸಲು ನಾನೇ ಗಂಗಾವತಿಗೆ ಕರೆದೊಯ್ದೆ. ಮುಂದಿನ ಸಲ ಒಬ್ಬನೇ ಬಸ್ಸಿಗೆ ಹೋಗಿ ಬದಲಿಸಿಕೊಂಡು ಬಂದೆ ಎಂದ, ನಂಬಿದೆವು. ಆದರೆ ಅವನು ಗಂಗಾವತಿ ಮುಟ್ಟದೆ ದಾರಿಯಲ್ಲೇ ಮರಳಿ ಎಂಬ ಊರಲ್ಲಿ ಇಳಿದು, ಚಹಾದಂಗಡಿಯಲ್ಲಿ ಕುಳಿತು, ಸಂಜೆಯ ಬಸ್ಸಿಗೆ ವಾಪಸು ಬಂದಿದ್ದ. ನನ್ನ ಅಂಗಡಿಗೆ ಬರುವ ಆ ಊರಿನ ಗಿರಾಕಿಯೊಬ್ಬ ಆಮೇಲೆ ನನಗೆ ಹೇಳಿದ. ಸೊಸೆಗೆ ಮೊದಲೇ ಅನುಮಾನವಿತ್ತು. ದಿನಾ ಹೊಸ್ತಿಲ ಹತ್ತಿರ ನಿಂತು, ಚೀಲದಲ್ಲಿ ಮೂತ್ರ ಕದಡಿ ಬರುತ್ತಿದೆ, ಬದಲಿಸೋಣ ಎನ್ನುತ್ತಿದ್ದಳು. ಅವನು ಜಂತಿ ನೋಡುತ್ತಾ ಕುಳಿತುಬಿಡುತ್ತಿದ್ದ. ನಿನ್ನ ಮರ್ಯಾದೆ ನಿನ್ನ ಜೀವಕ್ಕಿಂತ ದೊಡ್ಡದೇನು ಎಂದು ಒಮ್ಮೆ ಕೂಗಾಡಿದೆ.

"ಆಕಿ ಸೊಸಿ ಅದಾಳ," ಅಂದ. "ಆವತ್ತ ನಾ ಸತ್ತಿದ್ರ ಛಲೋ ಆಗ್ತಿತ್ತು."

ಆಮೇಲೆ ಅವನಿಗೆ ಚಳಿಜ್ವರ ಹತ್ತಿತು. ಕೊಪ್ಪಳದ ದವಾಖಾನೆಗೆ ಸೇರಿಸಿದೆವು. ಸೋಂಕು ರಕ್ತಕ್ಕೆ ಇಳಿದಿದೆ, ಕಿಡ್ನಿ ಕೈಬಿಟ್ಟಿವೆ ಎಂದರು. ಮೈಮೇಲೆ ಎಚ್ಚರವಿಲ್ಲದ ಮಾವನ ಬಾಯಿಗೆ ಸೊಸೆ ಹತ್ತಿಯಲ್ಲಿ ನೀರು ಹನಿಸುತ್ತಿದ್ದಳು. ಎಚ್ಚರವಿದ್ದರೆ ಅವನು ಅದನ್ನೂ ಬೇಡವೆನ್ನುತ್ತಿದ್ದ. ಎರಡನೆಯ ದಿನ ಅಣ್ಣ ಹೋದ.

ಮಣ್ಣು ಮಾಡಿ ಬಂದ ಮೇಲೆ ಪಡಸಾಲೆಯಲ್ಲಿ ಗಂಡಸರು ಕುಳಿತಿದ್ದರು. ಬೀಗರು, ಅಣ್ಣನ ಜತೆ ತೂಬು ಕಾದವರು, ನನ್ನ ಅಂಗಡಿಯ ಗಿರಾಕಿಗಳು, ಬಹುತೇಕ ನಮ್ಮ ವಯಸ್ಸಿನವರೇ. ಏನಾಗಿತ್ತು ಎಂದು ಬಂದವರೆಲ್ಲ ಕೇಳುತ್ತಿದ್ದರು. ಅಣ್ಣನ ಮಗ ಎಲ್ಲರಿಗೂ ಹಾರ್ಟ್ ಎನ್ನುತ್ತಿದ್ದ. ನಾನೂ ಹೂಂ ಎನ್ನುತ್ತಿದ್ದೆ. ಅಷ್ಟರಲ್ಲಿ ಸೊಸೆ ಒಳಗಿನಿಂದ ಬಂದು ನಮ್ಮೆಲ್ಲರ ನಡುವೆ ನಿಂತಳು.

"ಹಾರ್ಟ್ ಅಲ್ರಿ. ಮಾವಾರಿಗೆ ಉಚ್ಚಿ ಕಟ್ಟಿತ್ತು. ನಾಚಿಕಿಗೆ ಬಿದ್ದು ಜೀವಾ ಕಳ್ಕೊಂಡ್ರು."

ಗಂಡ ಗದರಿಸಿದ. ಆಕೆ ಅವನತ್ತ ನೋಡಲೂ ಇಲ್ಲ, ನನ್ನ ಕಡೆ ತಿರುಗಿದಳು.

"ಸಣ್ಣ ಮಾವಾರ, ನೀವು ರಾತ್ರಿ ಎಷ್ಟ ಸಲ ಏಳ್ತೀರಿ?"

ಒಮ್ಮೆ ಎನ್ನಬೇಕೆಂದು ಬಾಯಿ ತೆರೆದೆ. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಆಕೆಯ ಕಣ್ಣು ಅತ್ತು ಅತ್ತು ಊದಿತ್ತು.

"ನಾಕ ಸಲ, ಯವ್ವಾ," ಅಂದೆ. "ಕುಂತ್ರ ಲಗೂ ಆಗೂದಿಲ್ಲ."

"ನಾಳೆ ಮುಂಜಾನೆ ದವಾಖಾನಿಗೆ ಬರ್ರಿ. ನಾ ಇರ್ತೀನಿ."

ಬರುತ್ತೇನೆ ಎಂದೆ. ಅಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದ ಗಂಡಸರು, ಆಕೆ ಮುಂದೆ ತಮ್ಮನ್ನೂ ಕೇಳಿಯಾಳೆಂದು, ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.