ಸಿನಿಮಾದಲ್ಲಿ ಇಲ್ಲದ ದೃಶ್ಯ

ವಾರವಿಡೀ ಡೊಂಬಿವ್ಲಿಯ ಫಾಸ್ಟ್ ಲೋಕಲ್‌ನಲ್ಲಿ ನಿಂತೇ ಓಡಾಡುವವನಿಗೆ ಭಾನುವಾರ ಎಸಿ ಥಿಯೇಟರಿನ ಮೆತ್ತನೆಯ ಸೀಟು ಸಿಕ್ಕರೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಿನಿಮಾ ಬ್ಲಾಗ್ ಬರೆಯುವವನು ಇದನ್ನು ಹೇಳಿಕೊಳ್ಳಬಾರದು. ಆದರೆ ಈಚಿನ ಗಂಭೀರ ಚಿತ್ರಗಳನ್ನು ಪೂರ್ತಿ ಎಚ್ಚರದಲ್ಲೇ ನೋಡಬೇಕೆಂದು ಯಾರು ಹೇಳಿದರು? ಒಂದರಲ್ಲಿ ಅಪ್ಪ ಮಗ ಮಾತಿಲ್ಲದೆ ಗೋಡೆಗೆ ಬಣ್ಣ ಬಳಿಯುತ್ತಲೇ ಇರುತ್ತಾರೆ. ಇನ್ನೊಂದರಲ್ಲಿ ಗಂಡನನ್ನು ಬಿಟ್ಟು ಬಂದವಳು ಹೊಸ ಮನೆಯ ಕಿಟಕಿಗೆ ಪರದೆಯ ಅಳತೆ ತೆಗೆಯುತ್ತಾಳೆ, ಅಷ್ಟಕ್ಕೇ ನಾವು ಕರವಸ್ತ್ರ ಹುಡುಕುತ್ತೇವೆ. ಇಂಥವಕ್ಕೂ ಸ್ಟಾರ್ ಕೊಟ್ಟು ಕೂರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮನೆಗೆ ಬಂದ ಮೇಲೆ ಮನಸ್ಸಿನಲ್ಲಿ ಏನು ಉಳಿದಿದೆಯೋ ಅಷ್ಟನ್ನೇ ನಾನು ಬರೆಯುತ್ತೇನೆ.

ನಮ್ಮ ಕಡೆ ಕನ್ನಡ ಚಿತ್ರ ಬಂದರೆ ಭಾನುವಾರ ಬೆಳಗಿನ ಒಂದೇ ಶೋ. ಕನ್ನಡ ಸಂಘದವರು ವಾಟ್ಸಾಪ್‌ನಲ್ಲಿ ಕಾಡಿ ಬೇಡಿ ಸೀಟು ತುಂಬಿಸುತ್ತಾರೆ. ಇಂಟರ್ವಲ್‌ನಲ್ಲಿ ಉಡುಪಿಯವರೂ ಹುಬ್ಬಳ್ಳಿಯವರೂ ಸೇರಿ ಕಲ್ಯಾಣದಲ್ಲೇ ಹುಟ್ಟಿದ ಮಕ್ಕಳಿಗೆ ಹಿಂದಿಯಲ್ಲಿ ಕಥೆ ಬಿಡಿಸಿ ಹೇಳುತ್ತಿರುತ್ತಾರೆ. ಹಾಗೆ ನೋಡಿದ ಚಿತ್ರವೊಂದರಲ್ಲಿ, ಊರು ಬಿಟ್ಟು ಬಂದ ತಾಯಿ ಪರಸ್ಥಳದಲ್ಲಿ ಮಗನನ್ನು ಬೆಳೆಸುತ್ತಾಳೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ ದೃಶ್ಯ, ಅದನ್ನೇ ಬರೆದೆ.

ಅಡುಗೆಮನೆ. ಕಿಟಕಿಯಿಂದ ಹಾಲಿನಂಥ ಬೆಳಕು. ಇನ್ನೂ ಜವಳ ತೆಗೆಸದ, ಉದ್ದ ಕೂದಲಿನ ಪುಟ್ಟ ಹುಡುಗನನ್ನು ಅವಳು ಮಂಡಿಗಳ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಾಳೆ. ಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ಏನೋ ಹೇಳುತ್ತಾಳೆ, ಅರ್ಧ ಮಾತು, ಅರ್ಧ ಉಸಿರು. ಆ ಉಸಿರು ಹುಡುಗನ ಕತ್ತಿಗೆ ಬೆಚ್ಚಗೆ ತಾಗುತ್ತದೆ. ಮುಖ ಕಾಣುವುದಿಲ್ಲ. ಕಾಣಬೇಕೆಂದೂ ಅನ್ನಿಸುವುದಿಲ್ಲ.

ಕಳಂಬೋಲಿಯ ಓದುಗರೊಬ್ಬರು ಕಾಮೆಂಟ್ ಹಾಕಿದರು. ಚಿತ್ರವನ್ನು ಎರಡು ಸಲ ನೋಡಿದ್ದಾರಂತೆ, ಅಂಥ ದೃಶ್ಯವೇ ಇಲ್ಲವಂತೆ, ತಾವು ಯಾವ ಥಿಯೇಟರಿನಲ್ಲಿ ನೋಡಿದಿರಿ ಸಾರ್ ಎಂದು ಕೇಳಿದ್ದರು. ಸಂಘದ ಗ್ರೂಪಿನಲ್ಲಿ ನನ್ನ ಕಾಲೆಳೆಯಲು ಇಷ್ಟು ಸಾಕಾಯಿತು. ನನಗೆ ಮೊದಲು ಸಿಟ್ಟೇ ಬಂತು. ಆಮೇಲೆ, ಕಂಪಾರ್ಟ್‌ಮೆಂಟಿನ ಕಂಬ ಹಿಡಿದು ತೂಗಾಡುತ್ತಿದ್ದಾಗ, ಬೇರೊಂದು ಯೋಚನೆ ಬಂತು. ನನಗೆ ಅವ್ವನ ಒಂದು ನೆನಪೂ ಇಲ್ಲ. ನಾನು ಕೂಸಾಗಿದ್ದಾಗಲೇ, ಅಪ್ಪ ಅಂಬರನಾಥದ ಕಾರ್ಖಾನೆಯಲ್ಲಿದ್ದ ಕಾಲದಲ್ಲಿ, ಅವ್ವ ತೀರಿಕೊಂಡಳು. ಮುಂದೆ ಅಪ್ಪ ಅವಳ ಮಾತೇ ಎತ್ತಲಿಲ್ಲ. ಆ ದೃಶ್ಯ ಚಿತ್ರದಲ್ಲಿ ಇಲ್ಲದಿದ್ದರೆ ನನ್ನೊಳಗಿಂದಲೇ ಬಂದಿರಬೇಕು. ನನ್ನೊಳಗಿಂದ ಬಂದಿದ್ದರೆ ಅದು ಅವ್ವನೇ. ಇಷ್ಟು ವಯಸ್ಸಾದ ಮೇಲೆ ತಾಯಿ ಸಿಕ್ಕಳೆಂದು ಆ ವಾರವೆಲ್ಲ ನಾನು ನೆಲದ ಮೇಲಿರಲಿಲ್ಲ. ನನ್ನ ಸ್ಟೇಷನ್ ಕೂಡ ದಾಟಿ ಹೋಗಿಬಿಟ್ಟೆ.

ಮುಂದಿನ ಭಾನುವಾರ ಐರೋಲಿಯಿಂದ ಅಕ್ಕನನ್ನು ಕರೆಸಿಕೊಂಡು ಮಾಜಿವಾಡಾದ ಹತ್ತಿರದ ಮಾಲ್‌ನಲ್ಲಿ ಅದೇ ಚಿತ್ರಕ್ಕೆ ಹೋದೆ. ಅಕ್ಕ ಸೀರೆಯ ಸೆರಗಿನಡಿ ಚಕ್ಕುಲಿ ಸಾಗಿಸಿದಳು, ಗೇಟಿನ ಹುಡುಗಿಗೆ ಗೊತ್ತಾಗಲೇ ಇಲ್ಲ. ಈ ಸಲ ನಾನು ಕಣ್ಣು ಮಿಟುಕಿಸದೆ ನೋಡಿದೆ. ತಾಯಿ ರೊಟ್ಟಿ ಬಡಿದಳು, ಬಾಡಿಗೆ ಮನೆ ಬದಲಿಸಿದಳು, ಮಗನಿಗೆ ಒಂದೇಟು ಹಾಕಿ ತಾನೇ ಅತ್ತಳು. ತಲೆ ಬಾಚಲಿಲ್ಲ. ತೆರೆ ಕಪ್ಪಾದಾಗ ನಾನು ಹಿಗ್ಗಿನಿಂದ ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ಅಡುಗೆಮನೆ, ಪಿನ್ನು, ಉಸಿರು. ಅವ್ವ ಹಾಗೆಯೇ ಇದ್ದಳಲ್ಲವೇ ಎಂದು ಕೇಳಿದೆ.

ಜನ ನಮ್ಮ ಮೊಣಕಾಲು ದಾಟಿಕೊಂಡು ಹೊರಟಿದ್ದರು. ಅಕ್ಕ ಉಳಿದ ಚಕ್ಕುಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಹೌದು ಎಂದುಬಿಟ್ಟಿದ್ದರೂ ನಾನು ನಂಬುತ್ತಿದ್ದೆ.

"ಅದು ಅವ್ವ ಅಲ್ಲೋ," ಅಂದಳು. "ಅವ್ವ ಹೋದಾಗ ನಿನ್ನ ಕೂದಲಾ ಕಿವೀತನಾನೂ ಬಂದಿದ್ದಿಲ್ಲ. ವರ್ಷಾಂತಿಕ ಆಗೂತನಾ ಜವಳಾ ಮಾಡೂ ಹಂಗಿರಲಿಲ್ಲ. ಆಮ್ಯಾಲೆ ಅಪ್ಪಗ ಊರಿಗೆ ಹೋಗಾಕ ರಜಾ ಸಿಗಲಿಲ್ಲ. ಕೂದಲಾ ಬೆಳಕೋತ ಹೋತು. ಪಿನ್ನಾ ಹಾಕತಿದ್ದಾಕಿ ನಾ."

ಸಿಕ್ಕಿದ್ದ ಅವ್ವ ಮತ್ತೊಮ್ಮೆ ಹೋದಳು. ನನಗೆ ದುಃಖವಾಯಿತು, ಅಕ್ಕನ ಮೇಲೆ ಸಣ್ಣ ಮುನಿಸೂ ಬಂತು. ರಿಕ್ಷಾ ಹಿಡಿದು ಠಾಣೆ ಸ್ಟೇಷನ್ನಿಗೆ ಬಂದೆವು. ಅವಳನ್ನು ಐರೋಲಿಗೆ ಒಯ್ಯುವ ವಾಶಿಯ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತಾಗ ಅವಳೇ ಮಾತು ಮುಂದುವರಿಸಿದಳು. ಆಗ ಅವಳು ಎಂಟನೇ ಇಯತ್ತೆಯಲ್ಲಿದ್ದಳಂತೆ, ಶಾಲೆಗೆ ಹೋಗುವ ಮೊದಲು ನನ್ನ ತಲೆ ಬಾಚಿ ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳಂತೆ. ನಾನು ಅವಳನ್ನೇ ಅವ್ವಾ ಎನ್ನುತ್ತಿದ್ದೆನಂತೆ. ಅಪ್ಪ ಬೈದು ಬೈದು ಅಕ್ಕಾ ಎನ್ನುವುದನ್ನು ಕಲಿಸಿದರಂತೆ.

ನಾನು ಅವಳ ಕಡೆ ತಿರುಗಿದೆ. ಮುಖ ಕಾಣದ ಆ ಹೆಂಗಸಿಗೆ ಈಗ ಮುಖವಿತ್ತು, ಪಕ್ಕದಲ್ಲೇ ಇತ್ತು, ಚಕ್ಕುಲಿಯ ಚೂರು ತುಟಿಗೆ ಅಂಟಿತ್ತು. ನನಗೆ ಅಳು ತಡೆಯಲಾಗಲಿಲ್ಲ. ನಾನು ಅಕ್ಕಾ ಎಂದು ಕರೆಯಲು ಶುರುಮಾಡಿದಾಗ ನಿನಗೇನೂ ಅನ್ನಿಸಲಿಲ್ಲವೇ ಎಂದು ಕೇಳಿದೆ.

ಅವಳು ಗಾಡಿ ಬರುವ ದಿಕ್ಕನ್ನೇ ನೋಡುತ್ತ ಹೇಳಿದಳು.

"ಭಾಳ ದಿನಾ ನಾ ಓ ಅನ್ನಲಿಲ್ಲ."