ಎಡಗೈಗೆ ತಿರುಗಿದ ಮಷೀನು

ನಾನು ಮಧ್ಯಾಹ್ನ ಛಾಪಖಾನೆಗೆ ಬರುವಷ್ಟರಲ್ಲಿ ಫೋರ್‌ಮನ್ ಕಾಕಾ ಅವರ ಹಣೆಯ ವಿಭೂತಿಯ ಮೇಲೆ ಒಂದು ಕರಿ ಗೆರೆ ಬಿದ್ದಿರುತ್ತಿತ್ತು. ಬೆವರು ಒರೆಸಿಕೊಳ್ಳುವಾಗ ಹೆಬ್ಬೆರಳಿನ ಮಸಿ ತಾಗಿ ಮೂಡುವ ಗೆರೆ. ಅದಿಲ್ಲದ ಅವರ ಮುಖವನ್ನು ನಾನು ನೋಡಿಯೇ ಇರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಕಮರಿಪೇಟೆಯ ಆ ಛಾಪಖಾನೆ. ಅಲ್ಲಿಯ ಪಗಾರ ನಿಂತರೆ ಬಿ.ಎ. ಕೂಡ ನಿಂತಂತೆಯೇ.

ನಾನು ಎಡಚ. ಊಟ, ಬರವಣಿಗೆಗಳನ್ನು ಹೊಡೆದು ಬಡಿದು ಬಲಗೈಗೆ ತಂದಿದ್ದರು. ಚುರುಕು ಮಾತ್ರ ಎಡಗೈಯಲ್ಲೇ ಉಳಿದಿತ್ತು. ಕಾಲಿನಿಂದ ತುಳಿಯುವ ಅಚ್ಚಿನ ಮಷೀನಿನಲ್ಲಿ ಹೇಗೋ ನಡೆದಿತ್ತು, ತುಳಿಯುವವನು ನಾನೇ, ವೇಗವೂ ನನ್ನದೇ. ೧೯೬೦ರ ಸುಮಾರಿಗೆ ಮಾಲೀಕರು ಅದಕ್ಕೆ ಕರೆಂಟಿನ ಮೋಟಾರು ಕೂಡಿಸಿದರು. ಬಲಗೈಯಿಂದ ಕಾಗದ ಇಡಬೇಕು, ಎಡಗೈಯಿಂದ ತೆಗೆಯಬೇಕು. ಮೋಟಾರು ಯಾರಿಗೂ ಕಾಯುವುದಿಲ್ಲ. ನನ್ನ ಕಾಗದಗಳು ಸೊಟ್ಟಗೆ ಬಂದವು. ಒಂದು ದಿನ ಬೆರಳು ಸ್ವಲ್ಪದರಲ್ಲಿ ಉಳಿಯಿತು.

“ಎಡಚಗ ಈ ಕೆಲಸ ಆಗೂದಿಲ್ಲ, ಬ್ಯಾರೆಯವನ್ನ ನೋಡ್ರಿ,” ಎಂದರು ಮಾಲೀಕರು.

“ಮೋಟಾರ್ ತರಾಕ ಮುಂಬೈತನಕಾ ಹೋಗಿ ಬಂದ್ರಿ. ಅದರ ಮುಂದ ನಿಂದ್ರಾಂವನ್ನ ಒಂದ್ ಸಲಾನರ ನೋಡಿದ್ರೇನ್ರಿ? ಐತವಾರ ಒಂದಿನ ಕೊಡ್ರಿ ನನಗ,” ಎಂದರು ಕಾಕಾ.

ಆ ರವಿವಾರ ಅವರು ಕಾಗದದ ಹಲಗೆಯನ್ನು ಎಡಕ್ಕೆ ತಂದರು, ಅಚ್ಚು ತಡೆಯುವ ಹಿಡಿಕೆಯನ್ನು ಬಲಕ್ಕೆ. ಕೆಳಗೊಂದು ಪೆಡಲ್ ಹಾಕಿದರು. ಕಾಲೆತ್ತಿದರೆ ಬೆಲ್ಟ್ ಸಡಿಲಾಗಿ ಮಷೀನು ನಿಧಾನವಾಗುತ್ತಿತ್ತು. ನನಗೋ ತಲೆ ಎತ್ತಲಾಗದಷ್ಟು ನಾಚಿಕೆ.

“ನನ್ನ ಸಲುವಾಗಿ ಇಷ್ಟ್ಯಾಕ್ರಿ ಕಾಕಾ? ಬಲಗೈ ರೂಢಿ ಮಾಡ್ಕೋತೇನಿ.”

“ನಿಮ್ಮನ್ನ ತಿರಗಸೂದಕ್ಕಿಂತ ಇದನ್ನ ತಿರಗಸೂದು ಹಗೂರ ಐತಿ, ಬಿ.ಎ. ಸಾಹೇಬ್ರ. ಇದಕ್ಕ ಬೋಲ್ಟ್ ಅದಾವ. ನಿಮಗ ಎಲ್ಲೆದಾವ?”

ಕೆಲಸ ಉಳಿಯಿತು. ಆದರೆ ಹೊರಗಿನವರು ಯಾರಾದರೂ ಬಂದರೆ ಮೈ ಕುಗ್ಗುತ್ತಿತ್ತು. ಒಮ್ಮೆ ದುರ್ಗದಬೈಲಿನ ಅರಳೆ ವ್ಯಾಪಾರಿಯೊಬ್ಬರು ಮಗಳ ಲಗ್ನಪತ್ರಿಕೆ ನೋಡಲು ಬಂದವರು, ನನ್ನ ಕೈ ನೋಡಿ ನಿಂತುಬಿಟ್ಟರು.

“ಏನ್ರಿ ಇದು? ಲಗ್ನದ ಕಾಗದಾ ಎಡಗೈಲೆ ಇಡಾಕತ್ತಾನ!”

“ಸಾವಕಾರ್ರ, ನಮ್ಮಲ್ಲೆ ಎಲ್ಲಾ ಉಲ್ಟಾನ,” ಎಂದು ಕಾಕಾ ಜೋಡಿಸಿಟ್ಟ ಅಚ್ಚಿನ ಮೊಳೆಗಳನ್ನು ತೋರಿಸಿದರು. “ನಿಮ್ಮ ಮಗಳ ಹೆಸರು ನೋಡ್ರಿ, ಉಲ್ಟಾ ಕುಂತೈತಿ. ಹಿಂಗ ಕುಂತ್ರನ ಕಾಗದದ ಮ್ಯಾಲ ನೆಟ್ಟಗ ಬರತೈತಿ.”

ವ್ಯಾಪಾರಿ ನಗಲಿಲ್ಲ. “ಇವನ್ನ ಸರಸ್ರಿ. ಇಲ್ಲಾ, ಬ್ಯಾರೆ ಕಡೆ ಒಯ್ತೇನಿ.”

ಮಾಲೀಕರು ನನ್ನತ್ತ ನೋಡಿದರು. ಕಾಕಾ ನನ್ನನ್ನು ಸರಿಸಿ ತಾವೇ ಮಷೀನಿನ ಮುಂದೆ ನಿಂತರು. ಹಲಗೆ ತಿರುಗಿಸಲಿಲ್ಲ. ಬಲಗೈಯವರಾದ ಅವರು, ಬೆಲ್ಟ್ ಸಡಿಲ ಬಿಟ್ಟು, ಕೂಸಿನ ಹಾಗೆ ತಡವರಿಸುತ್ತ, ಎಡಗೈಯಿಂದಲೇ ಪತ್ರಿಕೆ ಇಡತೊಡಗಿದರು.

“ನಿಮ್ಮ ಲಗ್ನದ ಕಾಗದಾನೂ ನಾನ ಅಚ್ಚ ಹಾಕೇನ್ರಿ ಸಾವಕಾರ್ರ. ಈಗ ನನ್ನೂ ಸರಸ್ರಿ.”

ವ್ಯಾಪಾರಿ ಏನೋ ಗೊಣಗಿ ಕುರ್ಚಿಯಲ್ಲಿ ಕುಳಿತರು. ನಾನು ಕಾಗದದ ರಾಶಿಯ ಹಿಂದೆ, ಎಡಗೈಯನ್ನು ಕಿಸೆಯಲ್ಲಿ ತುರುಕಿಕೊಂಡು ನಿಂತಿದ್ದೆ.

ಬಿ.ಎ. ಆದೆ. ಹೇಳಿಕೊಳ್ಳಲು ಇಂದಿಗೂ ಹೆಮ್ಮೆ. ಅದಕ್ಕಾಗಿ ದುಡಿದ ಕೈ ಯಾವುದೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಕಾಕಾ ತೀರಿಕೊಂಡರು. ಆಗ ನಾನು ಸರ್ಕಾರಿ ನೌಕರ, ಇಸ್ತ್ರಿ ಅಂಗಿಯವನು. ಅವರ ಹಣೆಯ ವಿಭೂತಿ ಅಂದು ಅಚ್ಚ ಬಿಳಿಯಾಗಿತ್ತು. ಮಣ್ಣು ಕೊಡುವಾಗ ನನ್ನ ಎಡಗೈ ತಾನಾಗಿಯೇ ಹಿಡಿ ಮಣ್ಣೆತ್ತಿತು. ಸುತ್ತ ನಿಂತ ಜನರನ್ನು ನೋಡಿದೆ. ಮಣ್ಣನ್ನು ಬಲಗೈಗೆ ದಾಟಿಸಿ ಹಾಕಿದೆ.