ತಳದ ಬೇಳೆ

ಊಟಕ್ಕೆ ಕೂತ ಗಂಡಸರಿಗೆ ಬಡಿಸಲು ನಾನು ಬೋಗುಣಿಗೆ ಸೌಟು ಹಾಕುವಷ್ಟರಲ್ಲಿ ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ತಳ ಕಲಕಿ ಗಟ್ಟಿ ಬೇಳೆಯನ್ನು ಮೊದಲು ತಮ್ಮ ತಟ್ಟೆಗೆ ಹಾಕಿಕೊಂಡು, ಮಾವನವರ ಎದುರಿಗೇ ಕೂತರು. ರೊಟ್ಟಿ ಮುರಿಯುತ್ತಿದ್ದ ನನ್ನ ಗಂಡನ ಕೈ ಅಲ್ಲೇ ನಿಂತಿತು.

ಆವತ್ತು ಬೆಳಿಗ್ಗೆ ತಾವರಗೇರಾದಿಂದ ಕುಷ್ಟಗಿಗೆ ಹೋಗಿ ಅತ್ತೆಯನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೆ. ಗೋಡೆ ಹಿಡಿಯದೆ ನೆಲದಿಂದ ಏಳಲು ಅವರಿಗೆ ಆಗುತ್ತಿರಲಿಲ್ಲ. ಊಟದಲ್ಲಿ ಪ್ರೋಟೀನ್ ಸಾಲದೆ ಸ್ನಾಯುಗಳು ಸೊರಗಿವೆ, ದಿನಾ ಬೇಳೆ, ಕಾಳು, ಹಾಲು, ತತ್ತಿ ತಿನ್ನಬೇಕು, ನಡೆದಾಡಬೇಕು ಎಂದರು ಡಾಕ್ಟರು. ನಮ್ಮಲ್ಲಿ ಬೇಳೆಗೇನೂ ಕೊರತೆಯಿಲ್ಲ, ಹೊಲದ್ದೇ ತೊಗರಿ. ಆದರೆ ಗಂಡಸರು ಉಂಡೆದ್ದ ಮೇಲೆ ನಮಗೆ ಉಳಿಯುತ್ತಿದ್ದುದು ಬರೀ ತಿಳಿ.

"ಹೆಣ್ಮಕ್ಕಳು ಮೊದಲ ಉಣ್ಣೂದು ಯಾವ ಪದ್ಧತಿ?" ಎಂದರು ಮಾವ.

"ಮದಿವ್ಯಾಗಿ ಬಂದಾಗಿಂದ ತಿಳಿನೀರು ಕುಡದು ನಿಮಗ ಬ್ಯಾಳಿ ನೀಡೀನ್ರಿ. ಇನ್ನ ಮ್ಯಾಲ ನನ್ನ ಕಾಲಾಗೂ ಶಕ್ತಿ ಬರಬೇಕು," ಎಂದು ಅತ್ತೆ ತುತ್ತು ಬಾಯಿಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಗಂಗಾಳ ತಗೊಂಡು ಬಾರವ್ವ," ಎಂದರು.

ನಾನು ಹೋಗಿ ಅವರ ಪಕ್ಕ ಕೂತೆ. ಮಾವ ಊಟ ಬಿಟ್ಟು ಹೊರಗೆ ಹೋದರು. ಅತ್ತೆ ಕರೆಯಲಿಲ್ಲ, ಇನ್ನೊಂದು ರೊಟ್ಟಿ ಹಾಕಿಕೊಂಡರು.

ಮಾವನವರ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಈಗ ನನ್ನ ಮಗಳೂ ಸೇರಿ ಎಲ್ಲರೂ ಒಟ್ಟಿಗೇ ಉಣ್ಣುತ್ತೇವೆ. ಮಿಕ್ಕಿದ್ದನ್ನು ಉಣ್ಣುವುದೇ ಹೆಂಗಸಿನ ಗುಣ ಎಂದು ಅವಳಿಗೆ ಹೇಳುವ ಧೈರ್ಯ ಈ ಮನೆಯಲ್ಲಿ ಇನ್ನು ಯಾರಿಗೂ ಇಲ್ಲ.